ಐದು ರೂಪಾಯಿಯ ಮೇಲಿನ ಗೆರೆ

ಹೊಳೆದಂಡೆಯ ಆಶ್ರಮವೊಂದರಲ್ಲಿ ಮರುಳಯ್ಯ ಗುರುಗಳು ನಾಣ್ಯಪರೀಕ್ಷೆ ಕಲಿಸುತ್ತಿದ್ದರು. ಯಾವ ಕುಂದು ಟಂಕಸಾಲೆಯದು, ಯಾವುದು ಜನರ ಕೈಯದು ಎಂದು ಗುರುತಿಸುವ ವಿದ್ಯೆ ಅದು. ವಯಸ್ಸಾದ ಮೇಲೆ ಪಾಠವನ್ನು ಹಿರಿಯ ಶಿಷ್ಯೆ ಸರ್ವಮಂಗಳಳಿಗೆ ಒಪ್ಪಿಸಿದ್ದರು.

ಒಂದು ಬೆಳಿಗ್ಗೆ ಅವಳು ಐದು ರೂಪಾಯಿಯ ನಾಣ್ಯ ಹಿಡಿದು ಸಿಡಿಮಿಡಿಗುಟ್ಟುತ್ತ ಬಂದಳು.

“ನನ್ನ ಹತ್ತಿರ ಕಲಿಯೋ ಏಳು ಜನರನ್ನೂ ಇವತ್ತೇ ಊರಿಗೆ ಕಳಿಸಿಬಿಡ್ತೀನಿ, ಗುರುಗಳೇ. ಈ ಗೆರೆ ನೋಡಿ. ಉಬ್ಬುಗೆರೆ. ಅಚ್ಚು ಬಿರುಕು ಬಿಟ್ಟಿತ್ತು, ಲೋಹ ಆ ಬಿರುಕಿಗೆ ನುಗ್ಗಿ ಮೇಲೆದ್ದಿದೆ. ಇವರೋ, ಯಾರೋ ಮೊಳೆಯಿಂದ ಗೀಚಿದ್ದಾರೆ ಅಂತಾರೆ!”

“ಏಳು ಜನರೂ?”

“ಒಬ್ಬರೂ ಬಿಡದೆ.”

“ಒಂದೇ ಜಾಗದಲ್ಲಿ ಒಂದೇ ಗೆರೆ ಇರೋ ಏಳು ನಾಣ್ಯ ಸಿಕ್ಕರೆ ಏನು ಹೇಳ್ತೀಯ?”

“ತಪ್ಪು ನಾಣ್ಯದ್ದಲ್ಲ, ಅಚ್ಚಿನ…”

ಆ ಏಳು ಜನಕ್ಕೆ ಅಚ್ಚು ತಾನೇ ಎಂದು ಅವಳಿಗೆ ಹೊಳೆಯಿತು.

“ನಡಿ, ಪಾಠ ಹೇಳುವಾಗ ಕೂರುವ ಹಾಗೆ ಕೂತು ತೋರಿಸು,” ಎಂದರು ಗುರುಗಳು.

ಅವಳು ಹೊಳೆಗೆ ಬೆನ್ನು ಹಾಕಿ ಕುಳಿತಳು. ಎಳೆಬಿಸಿಲು ಹಿಂದಿನಿಂದ, ಭುಜದ ಮೇಲಿಂದ ಹಾದು ನಾಣ್ಯಕ್ಕೆ ಬಿತ್ತು.

“ಮಕ್ಕಳೂ ಹೀಗೇ ಕೂರ್ತಾರೋ?”

“ನಾನು ಹೇಗೋ ಹಾಗೇ.”

“ಭೂತಗನ್ನಡಿ ಹಿಡಿ. ಬೆರಳು ತಾಗಿಸದೆ, ಕಣ್ಣಿಗೆ ಕಂಡದ್ದನ್ನಷ್ಟೇ ಹೇಳು. ಗೆರೆ ಹೇಗಿದೆ?”

“ತಗ್ಗು ಬಿದ್ದ ಹಾಗೆ… ಇದೇನಿದು!”

“ಈಗ ತಿರುಗಿ ಕೂರು.”

ಅವಳು ಹೊಳೆಗೆ ಮುಖ ಮಾಡಿದಳು. ಬಿಸಿಲು ಎದುರಿನಿಂದ ಬಿದ್ದಾಗ ಅದೇ ಗೆರೆ ಉಬ್ಬಿ ನಿಂತಿತು.

“ಅಯ್ಯೋ ಶಿವನೇ! ನಾನು ಬೆರಳ ತುದಿ ಆಡಿಸಿ ಉಬ್ಬು ಅಂದಿದ್ದೆ. ಅವರಿಗೆ ಬೆರಳಿನ ಮಾತೇ ಹೇಳಿಲ್ಲ.”

“ಹೊಳೆಗೆ ಬೆನ್ನು ಹಾಕಿ ಕೂರೋದನ್ನ ನಿನಗೆ ಯಾರಮ್ಮ ಕಲಿಸಿದ್ದು?”

ಸರ್ವಮಂಗಳ ತಲೆ ತಗ್ಗಿಸಿದಳು. ಹೇಳಲೋ ಬೇಡವೋ ಎಂದು ನಾಣ್ಯವನ್ನು ಎರಡು ಸಲ ತಿರುವಿದಳು.

“ನೀವೇ. ಹದಿನಾಲ್ಕು ವರ್ಷ ಹಾಗೇ ಕೂತಿದ್ದಿರಿ. ಅದರಲ್ಲೇನೋ ಗೂಢ ಇದೆ ಅಂದುಕೊಂಡಿದ್ದೆ.”

“ಗೂಢವೇ? ಬಿಸಿಲಿಗೆ ಕಣ್ಣಲ್ಲಿ ನೀರು ಸುರೀತಿತ್ತು, ತಾಯಿ!”

ಹೊದ್ದ ಶಾಲು ಜಾರಿ ಬೀಳುವಂತೆ ಗುರುಗಳು ನಕ್ಕರು. ತಡೆದುಕೊಳ್ಳಲು ನೋಡಿ, ಆಗದೆ, ಅವಳೂ ನಕ್ಕಳು.

“ಹಾಗಾದರೆ ಆ ಏಳು ಜನ?” ಎಂದಳು ಕೊನೆಗೆ.

“ನಾಳೆ ಹೊಳೆಯ ಕಡೆಗೆ ಚಾಪೆ ಹಾಸು. ಏಳಲ್ಲ, ನಮ್ಮಿಬ್ಬರದೂ ಸೇರಿ ಒಂಬತ್ತು.”