ಮಾಸ್ತಮ್ಮನ ಕದ್ದು ಕೇಳುವ ಡಬ್ಬಿ

ಕೋಡಿಗುಂಡಿ ಬಂದರಿನ ಮಾಸ್ತಮ್ಮನಿಗೆ ಒಬ್ಬನೇ ಮಗ, ಜಟ್ಟು. ಒಬ್ಬನೇ ಸಾಕು ಎಂದು ಅವಳೂ ಹೇಳುತ್ತಿದ್ದಳು, ಊರೂ ಹೇಳುತ್ತಿತ್ತು. ಬಾಗಿಲು ನೋಡಿಕೋ ಎಂದರೆ ಬಾಗಿಲನ್ನೇ ನೋಡುತ್ತ ಕೂರುವವನು. ಕಿಟಕಿಯಿಂದ ಬೆಕ್ಕು ಬಂದು ಮೀನು ಒಯ್ದರೂ ತಿರುಗುವವನಲ್ಲ.

ಮಾಸ್ತಮ್ಮನಿಗೆ ಮಗನ ಚಿಂತೆಗಿಂತ ಗಂಡನ ಮೇಲಿನ ಅನುಮಾನ ದೊಡ್ಡದು. ಗಂಡ ಸೋಮ ದೋಣಿ ಹತ್ತಿ ಮೀನಿಗೆ ಹೋಗುತ್ತಾನೆ. ಬರುವಾಗ ಬುಟ್ಟಿ ಖಾಲಿ, ಮೈಯಲ್ಲಿ ಸಾಬೂನಿನ ಘಮ! ಸಮುದ್ರದ ನಡುವೆ ಸಾಬೂನು ಹಚ್ಚುವವರು ಯಾರು?

"ಇನ್ನೊಂದು ಮನೆ ಮಾಡಿದ್ದಾನೆ ಕಣೋ," ಎಂದು ತಮ್ಮ ವಿಠೋಬನಿಗೆ ಫೋನು ಮಾಡಿ ಅತ್ತಳು. "ಹೌದೆಂದು ಗೊತ್ತಾದರೆ ಅವತ್ತೇ ತವರಿಗೆ ಬಂದೆ!"

ವಿಠೋಬ ಕಾರವಾರದಲ್ಲಿ ದೋಣಿಗಳ ರೇಡಿಯೋ ರಿಪೇರಿ ಮಾಡುವವನು. ತನ್ನ ಹಳೆಯ ಕಂಪ್ಯೂಟರು, ಬೆರಳುದ್ದದ ಒಂದು ಡಬ್ಬಿ, ಒಂದು ಆಂಟೆನಾ ಕಳಿಸಿದ. "ಡಬ್ಬಿ ಸಿಗ್ನಲ್ ಹಿಡಿಯುತ್ತದೆ, ಕಂಪ್ಯೂಟರು ಅದನ್ನು ಮಾತು ಮಾಡುತ್ತದೆ. ದೋಣಿಯವರು ರೇಡಿಯೋದಲ್ಲಿ ಆಡುವುದೆಲ್ಲ ಕೇಳುತ್ತದೆ. ಮೊದಲು ಕಂಪ್ಯೂಟರಿಗೆ ಡಬ್ಬಿ ಕಾಣಬೇಕು, ಅಷ್ಟೇ."

ಮಾಸ್ತಮ್ಮನಿಗೆ ಕಂಪ್ಯೂಟರಿನ ಮೇಲೂ ಅನುಮಾನ. ಮುಟ್ಟಲಿಲ್ಲ. ಜಟ್ಟು ಅದರ ಮುಂದೆ ಕೂತ.

ಡಬ್ಬಿಯ ದೀಪ ಉರಿಯಿತು. ಕಂಪ್ಯೂಟರು ಮಾತ್ರ ಡಬ್ಬಿಯೇ ಇಲ್ಲ ಎಂದಿತು. ಜಟ್ಟು ಡಬ್ಬಿಯನ್ನೆತ್ತಿ ಪರದೆಯ ಮುಂದೆ ಹಿಡಿದ.

"ನೋಡು! ಇಲ್ಲಿದೆ! ಸರಿಯಾಗಿ ನೋಡು!"

"ಯಾರಿಗೆ ತೋರಿಸ್ತೀಯೋ?"

"ಕಂಪ್ಯೂಟರಿಗೆ, ಅವ್ವಿ! ಕಾಣಬೇಕು ಅಂದ್ನಲ್ಲ ಮಾವ!"

"ಅಯ್ಯೋ ಪೆದ್ದೇ!" ಫೋನಿನಲ್ಲಿ ವಿಠೋಬ ಬೈದ. "ಮೊಬೈಲು ಚಾರ್ಜು ಮಾಡುವ ವೈರು ಹಾಕಿದ್ದೀಯಾ? ಕೆಲವು ವೈರಿನಲ್ಲಿ ಕರೆಂಟು ಮಾತ್ರ ಹೋಗುತ್ತದೆ, ಬೇರೇನೂ ಹೋಗುವುದಿಲ್ಲ. ಏನೇ ಕೆಟ್ಟರೂ ಮೊದಲು ವೈರನ್ನು ಅನುಮಾನಿಸು. ಕಿತ್ತು ಬೇರೆ ಹಾಕು!"

"ಆಯ್ತು ಮಾವ! ವೈರನ್ನು ಅನುಮಾನಿಸು, ಕಿತ್ತು ಹಾಕು!"

ವೈರು ಬದಲಾಯಿತು. ಕಂಪ್ಯೂಟರಿಗೆ ಡಬ್ಬಿ ಕಂಡಿತು. ಆದರೆ ಅದರಲ್ಲಿ ರೇಡಿಯೋ ಕೇಳಿಸುವ ಪ್ರೋಗ್ರಾಮು ತೆರೆಯಲಿಲ್ಲ. ಜಟ್ಟು ವೈರನ್ನು ಅನುಮಾನಿಸಿದ. ಡಬ್ಬಿಯ ವೈರು ಕಿತ್ತ. ಫ್ಯಾನಿನ ವೈರು ಕಿತ್ತ. ಫ್ರಿಜ್ಜಿನದು ಕಿತ್ತ. ಅಂಗಳದಲ್ಲಿ ಬಟ್ಟೆ ಒಣಗಿಸುವ ವೈರನ್ನೂ ಕಿತ್ತ. ಮಾಸ್ತಮ್ಮ ಪೇಟೆಯಿಂದ ಬಂದಾಗ ಸೀರೆ ಮಣ್ಣಿನಲ್ಲಿ, ಫ್ರಿಜ್ಜಿನ ಬಂಗಡೆ ಮೀನು ನಾತದಲ್ಲಿ!

"ಎಂತ ಮಾಡಿದ್ಯೋ?"

"ಅನುಮಾನಿಸಿದೆ ಅವ್ವಿ! ಒಂದನ್ನೂ ಬಿಡಲಿಲ್ಲ!"

"ವೈರಲ್ಲ ಮಾರಾಯ!" ವಿಠೋಬ ಮತ್ತೆ ಬೈದ. "ಇನ್ನೊಂದು ಪ್ರೋಗ್ರಾಮು ಡಬ್ಬಿಯನ್ನು ಆಗಲೇ ಹಿಡಿದುಕೊಂಡಿದೆ. ಒಂದು ಸಲಕ್ಕೆ ಒಬ್ಬರೇ ಹಿಡಿಯಬೇಕು. ಅದನ್ನು ಮುಚ್ಚು. ಹಿಡಿದವರು ಯಾರೆಂದು ಹುಡುಕು, ಬಿಡಿಸು!"

"ಆಯ್ತು ಮಾವ! ಹಿಡಿದವರನ್ನು ಹುಡುಕು, ಬಿಡಿಸು!"

ಪ್ರೋಗ್ರಾಮು ತೆರೆಯಿತು. ಆದರೆ ಸುಂಯ್ ಎಂಬ ಸದ್ದು ಬಿಟ್ಟರೆ ಏನೂ ಇಲ್ಲ. ಜಟ್ಟು ಎದ್ದ, ಹಿಡಿದವರನ್ನು ಹುಡುಕಿದ. ಅಂಗಳದಲ್ಲಿ ಆಂಟೆನಾದ ಕಂಬ. ಕಂಬಕ್ಕೆ ಕಟ್ಟಿದ್ದು ಪಕ್ಕದ ಮನೆಯಾಕೆ ತುಳಸಿಯ ಆಡು!

"ನೀನಾ ಹಿಡಿದದ್ದು?" ಎಂದ. ಬಿಡಿಸಿದ. ಆಡು ನೆಟ್ಟಗೆ ತುಳಸಿಯ ಬಸಳೆ ಚಪ್ಪರಕ್ಕೆ ಹೋಯಿತು.

ತುಳಸಿ ಓಡಿ ಬಂದಳು. "ಅಂಗಳದಲ್ಲಿ ಕಂಬ, ಒಳಗೆ ಸುಂಯ್! ಯಾರ ಮಾತು ಕದೀತಿದ್ದೀರಿ? ನಮ್ಮದಾ?"

"ಹವಾಮಾನ ಕೇಳೋದು ಮಾರಾಯ್ತಿ!" ಎಂದು ಮಾಸ್ತಮ್ಮ ಬಾಗಿಲು ಹಾಕಿದಳು. ತುಳಸಿ ಕಿಟಕಿಯಿಂದ ಇಣುಕಿದಳು. ಮಾಸ್ತಮ್ಮ ಕಿಟಕಿಯನ್ನೂ ಹಾಕಿದಳು.

"ಆಂಟೆನಾದ ತಿರುಪು ಬಿಗಿ ಇದೆಯಾ ನೋಡಕ್ಕ," ಎಂದ ವಿಠೋಬ. ಈ ಸಲ ಅವಳೇ ಬಿಗಿ ಮಾಡಿದಳು. ಸುಂಯ್ ನಿಂತಿತು. ಯಾರೋ ಕೆಮ್ಮಿದ್ದು ಕೇಳಿಸಿತು.

ಮಾಸ್ತಮ್ಮ ಮಗನ ಕಿವಿಗೆ ಹೆಡ್‌ಫೋನು ತುರುಕಿದಳು. "ತುಳಸಿಗೆ ಕೇಳಿಸಬಾರದು. ಕೇಳಿದ್ದನ್ನು ಯಾರಿಗೂ ಹೇಳಬೇಡ. ತಿಳೀತಾ?"

"ತಿಳೀತು ಅವ್ವಿ! ಯಾರಿಗೂ ಹೇಳಬೇಡ!"

ಸಂಜೆ ಜಟ್ಟುವಿನ ಕಣ್ಣು ಅರಳಿತು. "ಅಪ್ಪ!" ಎಂದ. ಕೇಳಿದ. ಹೊಟ್ಟೆ ಹಿಡಿದು ನಕ್ಕ.

"ಎಂತ ಅಂದ?"

"ಹೇಳೂದಿಲ್ಲ."

"ಹೆಂಗಸಿನ ಮಾತಾ?"

"ಹೇಳೂದಿಲ್ಲ."

"ನಾನು ನಿನ್ನ ಹೆತ್ತವಳೋ!"

"ನೀನೇ ಅಂದೆಯಲ್ಲ, ಯಾರಿಗೂ ಹೇಳಬೇಡ ಅಂತ!"

ಮಾಸ್ತಮ್ಮ ಹೆಡ್‌ಫೋನು ಕಿತ್ತು ತನ್ನ ಕಿವಿಗೆ ಇಟ್ಟಳು. ಮಾತು ಮುಗಿದಿತ್ತು. ಅವಳು ಬಟ್ಟೆ ಗಂಟು ಕಟ್ಟಿದಳು.

ಬೆಳಗಾಗುತ್ತಲೇ ಸೋಮ ಬಂದ. ಬುಟ್ಟಿ ಖಾಲಿ. ಮೈಯಲ್ಲಿ ಸಾಬೂನು.

"ಯಾರವಳು?" ಎಂದಳು, ಗಂಟು ಹಿಡಿದುಕೊಂಡೇ.

"ಯಾವಳು?"

"ಸಾಬೂನಿನವಳು!"

ಸೋಮ ಕಣ್ಣು ಕಣ್ಣು ಬಿಟ್ಟ. "ನೀನೇ ಅಲ್ವನೇ ಅಂದದ್ದು, ಮೀನಿನ ನಾತ ಹೊತ್ತು ಮನೆಗೆ ಬರಬೇಡ ಅಂತ? ದಿನಾ ಆಚೆ ಬಂದರಿನ ಬಾವಿಯಲ್ಲಿ ಮೀಯ್ತೇನೆ. ಬುಟ್ಟಿ ತೊಳೀತೇನೆ. ಮೀನು ಎಷ್ಟು ತೊಳೆದರೂ ನಾತ ಹೋಗೂದಿಲ್ಲ. ಅದಕ್ಕೆ ಅಲ್ಲೇ ಹಂಚಿ ಬರ್ತೇನೆ. ನಿನ್ನೆ ಸಾಬೂನು ಮುಗಿದಿತ್ತು, ರೇಡಿಯೋದಲ್ಲಿ ಪಕ್ಕದ ದೋಣಿಯವನನ್ನು ಕೇಳಿದೆ."

"ಅದೇ ಅವ್ವಿ!" ಜಟ್ಟು ಕುಣಿದ. "ನಾನು ಕೇಳಿದ್ದು ಅದೇ! ಯಾರಿಗೂ ಹೇಳಲಿಲ್ಲ ನೋಡು!"

ಮಾಸ್ತಮ್ಮ ಗಂಡನನ್ನು ನೋಡಿದಳು. ಮಗನನ್ನು ನೋಡಿದಳು. ಒಂದು ಅನುಮಾನವಂತೂ ಇನ್ನು ಉಳಿಯಲಿಲ್ಲ. ಮಗ ಯಾರ ಹಾಗೆ ಎಂಬುದು ಗೊತ್ತಾಯಿತು. ಗಂಟು ನೆಲಕ್ಕೆ ಎಸೆದಳು.

"ಇಬ್ಬರೂ ನನ್ನ ಕಣ್ಣ ಮುಂದೆ ನಿಲ್ಲಬೇಡಿ!"

ಅಪ್ಪ, ಮಗ ಇಬ್ಬರೂ ಬೇಗ ಬೇಗ ಹೋಗಿ ಅವಳ ಬೆನ್ನ ಹಿಂದೆ ನಿಂತರು. ಅವಳು ಬೈಯಲು ತಿರುಗಿದಳು. ಅವರೂ ಸುತ್ತು ಹಾಕಿ ಮತ್ತೆ ಹಿಂದೆ ಹೋದರು.