ಓತಿಕ್ಯಾತದ ಹೂಂ

ಬೇಲಿಯ ಮೇಲೆ ಕೂತು ಕಂಡವರಿಗೆಲ್ಲ ತಲೆಯಾಡಿಸುವ ಓತಿಕ್ಯಾತವೊಂದು ಬ್ಯಾಟರಿಯಿಂದ ಓಡುವ ಒಂಟಿಚಕ್ರದ ಗಾಡಿ ಹತ್ತಿತು. ಸವಾರ ಮುಂದಕ್ಕೆ ವಾಲಿದರೆ ಓಡುವ, ಹಿಂದಕ್ಕೆ ವಾಲಿದರೆ ನಿಲ್ಲುವ ಗಾಡಿ ಅದು.

"ನನ್ನಲ್ಲಿ ಎರಡು ಸೆಟ್ಟಿಂಗ್ ಇವೆ," ಎಂದಿತು ಚಕ್ರ. "ಮೆದುವಿನಲ್ಲಿಟ್ಟರೆ ನೀವು ಮೈಯೆಲ್ಲ ವಾಲಿಸುವವರೆಗೆ ಕಾಯುತ್ತೇನೆ. ಬಿಗಿಯಲ್ಲಿಟ್ಟರೆ ತಲೆ ಅಲ್ಲಾಡಿದರೂ ಸಾಕು, ಹೊರಟುಬಿಡುತ್ತೇನೆ. ಯಾವುದಿರಲಿ?"

"ಬಿಗಿಯೇ ಇರಲಿ. ಹುಟ್ಟಿದಾಗಿನಿಂದ ತಲೆಯಾಡಿಸಿದ್ದೇನೆ, ಒಬ್ಬರೂ ಅದಕ್ಕೆ ಕಿಮ್ಮತ್ತು ಕೊಟ್ಟಿಲ್ಲ."

ದಾರಿಯಲ್ಲಿ ಕಾಗೆ, "ಕ್ಷೇಮವೇನಯ್ಯಾ?" ಎಂದಿತು. ಓತಿಕ್ಯಾತ ತಲೆಯಾಡಿಸಿತು. ಚಕ್ರ ನಾಲ್ಕು ಮಾರು ಮುಂದಕ್ಕೆ ನೆಗೆಯಿತು. "ಬಿಸಿಲು ಜೋರು, ಅಲ್ಲವೇ?" ಎಂದಿತು ಎಮ್ಮೆ. ತಲೆ ಆಡಿತು, ಚಕ್ರ ಮತ್ತೆ ನೆಗೆಯಿತು. ಕಡೆಗೂ ತನ್ನ ಮಾತು ನಡೆಯುತ್ತಿದೆ ಎಂದು ಓತಿಕ್ಯಾತಕ್ಕೆ ಹೆಮ್ಮೆಯಾಯಿತು.

ಮೂಲೆಮನೆಯ ಅಂಗಳದಲ್ಲಿ ಬೆಕ್ಕು ಕೂತಿತ್ತು. "ಊಟದ ಹೊತ್ತಿಗೆ ಸರಿಯಾಗಿ ಬಂದೆ. ಬಾರಪ್ಪಾ ಒಳಗೆ," ಎಂದು ಕರೆಯಿತು.

ಯಾರು ಊಟಕ್ಕೆ ಕರೆದರೂ ಹೂಂ ಎಂದು ತಲೆಯಾಡಿಸಿ, ಹಾಗೇ ಮುಂದೆ ಹೋಗಿಬಿಡುವುದು ಓತಿಕ್ಯಾತದ ವಾಡಿಕೆ. ಈಗಲೂ ಬೆಕ್ಕಿನತ್ತ ತಿರುಗಿ ತಲೆಯಾಡಿಸಿತು. ಚಕ್ರ ಸೀದಾ ಬೆಕ್ಕಿನ ಕಾಲ ಬಳಿಗೇ ಹೋಯಿತು.

"ಅಯ್ಯೋ, ಅದು ಬರೀ ಬಾಯುಪಚಾರದ ಹೂಂ!" ಎಂದು ಓತಿಕ್ಯಾತ ಕೂಗಿಕೊಂಡಿತು.

"ಬಾಯುಪಚಾರಕ್ಕೆ ಅಂತಲೇ ಮೆದು ಇತ್ತಲ್ಲ ಸ್ವಾಮಿ," ಎಂದಿತು ಚಕ್ರ.