ಪಂಪು ಕೇಳಿದ ರೈತ

"ಬುದ್ಧಿ, ಬಲ್ಲವರನ್ನು ಗುರುತಿಸುವುದು ಹೇಗೆ?"

ಕೇಳಿದವನು ರಾಚಪ್ಪ. ಅವನು ಆಶ್ರಮಕ್ಕೆ ಬಂದು ಮೂರು ದಿನವಾಗಿತ್ತು. ಅದಕ್ಕೆ ಮೊದಲು ನಾಲ್ಕು ಊರಿನಲ್ಲಿ ನಾಲ್ಕು ಗುರುಗಳ ಹತ್ತಿರ ಇದ್ದು ಬಂದಿದ್ದ. ಮೊದಲನೆಯವರು ಜಪ ಹೇಳಿಕೊಟ್ಟರು. ಎರಡನೆಯವರು ಉಪವಾಸ ಹಿಡಿಸಿದರು. ಮೂರನೆಯವರು ತಾವೇ ಬರೆದ ಪುಸ್ತಕವನ್ನು ಕೈಗಿತ್ತು ಕಳುಹಿಸಿದರು. ನಾಲ್ಕನೆಯವರು ಸಾವಿರ ಜನರ ನಡುವೆ ಕೂರಿಸಿ ಉಪನ್ಯಾಸ ಕೇಳಿಸಿದರು. ಯಾವುದರಿಂದಲೂ ತನಗೆ ಪ್ರಯೋಜನವಾಗಲಿಲ್ಲ ಎಂದು ರಾಚಪ್ಪ ಮೂರು ದಿನದಿಂದ ಹೇಳುತ್ತಲೇ ಇದ್ದ. ಹೇಳುವಾಗ ಅವನ ದನಿಯಲ್ಲಿ ಸಿಟ್ಟಿತ್ತು.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸದೆ, "ಕುಳಿತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ," ಎಂದರು. ರಾಚಪ್ಪ ಕುಳಿತ. ಗುರುಗಳು ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನ ಹತ್ತಿರ ಒಂದು ಹಳೆಯ ಪಿಕಪ್ ಗಾಡಿಯಿತ್ತು. ಮೂವರ ಕೈ ದಾಟಿ ಅವನಿಗೆ ಬಂದ ಗಾಡಿ ಅದು. ಆ ಮೂವರಲ್ಲಿ ಯಾರೋ ಒಬ್ಬ ಅದರ ಎಂಜಿನ್ ತೆಗೆಸಿ ಬೇರೊಂದು ಗಾಡಿಯ ಎಂಜಿನ್ ಕೂರಿಸಿದ್ದ. ರೈತನಿಗೆ ಇದು ಗೊತ್ತಿರಲಿಲ್ಲ. ಗಾಡಿ ಓಡುತ್ತಿತ್ತು, ಅವನು ಓಡಿಸುತ್ತಿದ್ದ.

ಒಂದು ದಿನ ಬೆಳಿಗ್ಗೆ ಅವನು ಅಕ್ಕನ ಮನೆಯ ರೇಷ್ಮೆಗೂಡನ್ನು ಗಾಡಿಗೆ ಹೇರಿಕೊಂಡು ಮಾರುಕಟ್ಟೆಗೆ ಹೊರಟ. ಅಕ್ಕ ಒಬ್ಬಳೇ ಸೊಪ್ಪು ಕೊಯ್ದು, ಒಬ್ಬಳೇ ಹುಳು ನೋಡಿಕೊಂಡು ತೆಗೆದ ಬೆಳೆ. ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ, ಚಂದ್ರಿಕೆಯಿಂದ ಗೂಡು ಬಿಡಿಸಲು ಆಳು ಸಿಗದೆ ದಿನ ಮೀರಿ ಹೋಗಿತ್ತು. ಗೂಡಿನೊಳಗಿನ ಹುಳು ನಮಗಾಗಿ ಕಾಯುವುದಿಲ್ಲ. ಅದು ಚಿಟ್ಟೆಯಾಗಿ, ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ತೆಗೆಯಲು ಬರುವುದಿಲ್ಲ. ಮರುದಿನ ಮಾರುಕಟ್ಟೆಗೆ ರಜೆ. ಅಂದು ಸಂಜೆ ನಾಲ್ಕರ ಹರಾಜಿಗೆ ಮುಟ್ಟದಿದ್ದರೆ ಅಕ್ಕನ ದುಡಿಮೆಯೆಲ್ಲ ನೀರುಪಾಲು.

"ತಲುಪಿಸ್ತೀಯಾ?" ಎಂದು ಅಕ್ಕ ಕೇಳಿದ್ದಳು. "ಕಣ್ ಮುಚ್ಕೊಂಡು ನಿದ್ದೆ ಮಾಡಕ್ಕ," ಎಂದು ಇವನು ಹೇಳಿ ಬಂದಿದ್ದ.

ಅರ್ಧ ದಾರಿಯಲ್ಲಿ, ಒಂದು ಊರು ಇನ್ನೇನು ಬಂತು ಎನ್ನುವಾಗ, ಗಾಡಿ ನಿಂತಿತು. ತಿರುಗಿ ಶುರು ಮಾಡಿದರೆ ಶುರುವಾಗುತ್ತದೆ. ನಾಲ್ಕು ಮಾರು ಹೋಗಿ ಮತ್ತೆ ನಿಲ್ಲುತ್ತದೆ. ರಸ್ತೆಯ ಪಕ್ಕ ಟೀ ಕುಡಿಯುತ್ತಿದ್ದ ಒಬ್ಬ ಲಾರಿ ಚಾಲಕ ಕೂತಲ್ಲಿಂದಲೇ, "ಫೀಡ್ ಪಂಪ್ ಹೋಗಿರಬೇಕು ನೋಡಿ," ಎಂದ. ಟ್ಯಾಂಕಿನಿಂದ ಡೀಸೆಲ್ ಎಳೆದುಕೊಡುವ ಸಣ್ಣ ಪಂಪು ಅದು. ರೈತ ಗಾಡಿಯನ್ನು ಮರದ ನೆರಳಿಗೆ ತಳ್ಳಿಸಿ ಆಟೋ ಹತ್ತಿದ. ಪೇಟೆ ಬರುವಷ್ಟರಲ್ಲಿ ಆ ಲಾರಿಯವನ ಅನುಮಾನ ಇವನ ತಲೆಯಲ್ಲಿ ತೀರ್ಮಾನವಾಗಿ ಕೂತಿತ್ತು.

ಆ ಊರಿನಲ್ಲಿ ಗಾಡಿಯ ಬಿಡಿಭಾಗಗಳನ್ನು ಮಾರುವುದಕ್ಕೇ ಒಂದು ಬೀದಿ. ರೈತ ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಅಂಗಡಿಯನ್ನು ಆರಿಸಿದ. ಗಾಜಿನ ಬಾಗಿಲು, ತಂಪು ಗಾಳಿ, ಕಂಪ್ಯೂಟರಿನ ಮುಂದೆ ಒಬ್ಬ ಯುವಕ. ರೈತ ಫೀಡ್ ಪಂಪ್ ಕೇಳಿದ. ಯುವಕ ಗಾಡಿಯ ಹೆಸರು ಕೇಳಿದ, ವರ್ಷ ಕೇಳಿದ, ಎರಡನ್ನೂ ಒತ್ತಿದ. ಪರದೆಯ ಮೇಲೆ ಪಂಪಿನ ಚಿತ್ರ ಬಂತು. ಒಳಗಿನಿಂದ ಪಂಪೂ ಬಂತು. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತಲ್ಲ ಎಂದು ರೈತನಿಗೆ ಖುಷಿಯಾಯಿತು.

ಗಾಡಿಯ ಹತ್ತಿರ ಹೋಗಿ ಹೊಸ ಪಂಪನ್ನು ಹಳೆಯದರ ಪಕ್ಕದಲ್ಲಿ ಹಿಡಿದು ನೋಡಿದ. ಬೋಲ್ಟು ಕೂರುವ ತೂತುಗಳೇ ಬೇರೆ. ಹೇಗೆ ತಿರುಗಿಸಿದರೂ ಹೊಂದುವುದಿಲ್ಲ. ಮತ್ತೆ ಆಟೋ ಹತ್ತಿ ಅಂಗಡಿಗೆ ಬಂದು, "ಇದು ನನ್ನ ಗಾಡಿಗೆ ಕೂರಲ್ಲ ಕಣಪ್ಪ," ಎಂದ.

ಯುವಕ ಪರದೆಯನ್ನು ಇನ್ನೊಮ್ಮೆ ನೋಡಿ, "ಸಿಸ್ಟಮ್‌ನಲ್ಲಿ ಕೂರುತ್ತೆ ಸಾರ್," ಎಂದ.

ಅವನು ಸುಳ್ಳು ಹೇಳಲಿಲ್ಲ. ಕಾಗದದಲ್ಲಿದ್ದ ಗಾಡಿಗೆ ಅದು ಸರಿಯಾಗಿಯೇ ಕೂರುತ್ತಿತ್ತು. ರಸ್ತೆಯಲ್ಲಿ ನಿಂತ ಗಾಡಿ ಬೇರೆ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಪೊಟ್ಟಣ ಒಡೆದ ಸಾಮಾನನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದೂ ಆ ಯುವಕ ಬಹಳ ವಿನಯದಿಂದ ತಿಳಿಸಿದ.

ಎರಡನೆಯ ಅಂಗಡಿಯ ಮುಂದೆ ಜನ ಮುತ್ತಿಕೊಂಡಿದ್ದರು. ಅದರ ಯಜಮಾನ ಆ ಬೀದಿಗೇ ಹೆಸರಾದವನು. ಯಾವ ಸಾಮಾನು ಯಾವ ಮೂಲೆಯಲ್ಲಿದೆ, ಯಾವುದರ ನಂಬರ್ ಎಷ್ಟು ಎಂದು ಅವನಿಗೆ ಬಾಯಿಪಾಠ. ಅವನ ವಿದ್ಯೆಯಲ್ಲಿ ಕೊರತೆ ಇರಲಿಲ್ಲ. ಇದ್ದ ಕೊರತೆಯೆಂದರೆ ಇನ್ನೊಬ್ಬರು ಒಂದು ವಾಕ್ಯ ಮುಗಿಸುವ ತನಕ ಸುಮ್ಮನಿರುವುದು ಅವನಿಂದ ಆಗುತ್ತಿರಲಿಲ್ಲ. ರೈತ "ಗಾಡಿ ಹೋಗ್ತಾ ಹೋಗ್ತಾ ನಿಲ್ಲುತ್ತೆ" ಎನ್ನುವಷ್ಟರಲ್ಲಿ ಅವನು ಕೈಯೆತ್ತಿ ತಡೆದ. ಪಂಪು ಹೋಗಿಲ್ಲ, ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿದೆ, ತಾನು ಇಂಥ ನೂರು ಗಾಡಿ ನೋಡಿದ್ದೇನೆ ಎಂದು ಹೇಳಿ ಫಿಲ್ಟರನ್ನು ಮೇಜಿನ ಮೇಲೆ ಕುಟ್ಟಿ ಇಟ್ಟ. ಸುತ್ತ ನಿಂತವರು ತಲೆದೂಗಿದರು. ರೈತನೂ ತಲೆದೂಗಿದ. ಅಷ್ಟು ಧೈರ್ಯವಾಗಿ ಹೇಳುವವರ ಮುಂದೆ ತಲೆ ತಾನಾಗಿಯೇ ಆಡುತ್ತದೆ.

ಫಿಲ್ಟರ್ ಕೂತಿತು. ಗಾಡಿ ಶುರುವಾಯಿತು. ರೈತ ದೇವರಿಗೆ ಕೈಮುಗಿದು ಹೊರಟ. ಊರು ದಾಟಿ ಒಂದು ಮೈಲಿ ಹೋಗುವಷ್ಟರಲ್ಲಿ ಗಾಡಿ ಮತ್ತೆ ನಿಂತಿತು. ಮೊದಲು ನಿಂತಾಗ ಅವನಿಗೆ ಬರೀ ಕಿರಿಕಿರಿಯಾಗಿತ್ತು. ಈಗ ಭಯವಾಯಿತು.

ತಿರುಗಿ ಆ ಬೀದಿಗೆ ಬಂದ. ಹೊತ್ತು ನೆತ್ತಿಗೇರಿತ್ತು. ಎರಡು ಅಂಗಡಿಗಳಲ್ಲಿ ಮೊಬೈಲಿನಿಂದ ಕಣ್ಣು ಕೀಳದೆ ಗೊತ್ತಿಲ್ಲ ಎಂದು ಕಳುಹಿಸಿದರು. ಬೀದಿಯ ಕೊನೆಯಲ್ಲಿ ಒಂದು ಸಣ್ಣ ಅಂಗಡಿ ಉಳಿದಿತ್ತು. ಒಳಗೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಒಬ್ಬ ಹೆಂಗಸು ಬೇರಿಂಗುಗಳಿಗೆ ಗ್ರೀಸು ಹಚ್ಚಿ ಕಾಗದ ಸುತ್ತುತ್ತಿದ್ದಳು. ರೈತ ಹೊಸ್ತಿಲಲ್ಲೇ ನಿಂತು, "ಯಜಮಾನರು ಇಲ್ವಾ?" ಎಂದ.

"ಇದ್ದೀನಲ್ಲ, ಹೇಳಪ್ಪ."

ರೈತ ಒಲ್ಲದ ಮನಸ್ಸಿನಿಂದ ಫೀಡ್ ಪಂಪ್ ಕೇಳಿದ. ಅವಳು ಕಪಾಟಿನ ಕಡೆ ತಿರುಗಲಿಲ್ಲ. ಯಾವ ಪಂಪು ಕೊಡಬೇಕೋ ತನಗೆ ಗೊತ್ತಿಲ್ಲ, ಹಳೆಯದನ್ನು ಬಿಚ್ಚಿಕೊಂಡು ಬಾ ಎಂದಳು. ಆ ಬೀದಿಯ ಹಳೆಯ ಪದ್ಧತಿ ಅದು. ಕೆಟ್ಟ ಸಾಮಾನನ್ನು ಕಿಸೆಯಲ್ಲೋ ಚೀಲದಲ್ಲೋ ಹಾಕಿಕೊಂಡು ಬಂದು, ಅಂಗಡಿಯ ಮೇಜಿನ ಮೇಲಿಟ್ಟು, ಇಂಥದ್ದು ಬೇಕು ಎಂದು ಕೇಳುವುದು. ಕಂಪ್ಯೂಟರು ಬಂದ ಮೇಲೆ ಪೇಟೆಯವರು ಅದನ್ನು ಕೈಬಿಟ್ಟಿದ್ದರು.

ಬೆಳಗಿನಿಂದ ಒಳಗೇ ಕುದಿಯುತ್ತಿದ್ದದ್ದೆಲ್ಲ ಆಗ ರೈತನ ಬಾಯಿಗೆ ಬಂತು. "ನಿಮಗೇ ಗೊತ್ತಿಲ್ಲ ಅಂದ್ರೆ ಅಂಗಡಿ ಯಾಕಮ್ಮ ಇಟ್ಕೊಂಡಿದ್ದೀರಿ?" ಎಂದು ಕೂಗಾಡಿದ.

ಅವಳು ಕೈಯಲ್ಲಿದ್ದ ಬೇರಿಂಗಿಗೆ ಕಾಗದ ಸುತ್ತಿ ಮುಗಿಸಿ, "ನಿನ್ನ ಗಾಡಿ ನಾನು ಕಣ್ಣಲ್ಲಿ ಕಂಡಿಲ್ಲ. ಕಾಣದೆ ಏನಂತ ಕೊಡ್ಲಪ್ಪ?" ಎಂದಳು.

ರೈತ ದಡದಡ ಮೆಟ್ಟಿಲಿಳಿದು ಹೋದ. ಹೋಗುವಾಗ, ಹೆಂಗಸು ಕೂತ ಅಂಗಡಿ ಹತ್ತಿದ್ದೇ ತಪ್ಪಾಯಿತು ಎಂದು ಆಟೋದವನಿಗೂ ಕೇಳುವಂತೆ ಹೇಳಿದ.

ಗಾಡಿಯ ಹತ್ತಿರ ಬಂದು ಒಂದು ಚೀಲದ ಬಾಯಿ ಬಿಚ್ಚಿದ. ಕೈ ಹಾಕಿ ಒಂದು ಹಿಡಿ ಗೂಡು ತೆಗೆದ. ಎಲ್ಲ ಗಟ್ಟಿಯಾಗಿ, ಬೆಳ್ಳಗಿದ್ದವು. ಒಂದು ಗೂಡಿನ ತುದಿ ಮಾತ್ರ ಒದ್ದೆಯಾಗಿತ್ತು. ಚಿಟ್ಟೆ ಹೊರಗೆ ಬರುವ ಮುಂಚೆ ಗೂಡಿನ ತುದಿಯನ್ನು ನೆನೆಸಿ ಮೆತ್ತಗೆ ಮಾಡಿಕೊಳ್ಳುತ್ತದೆ. ಒಂದು ಶುರುವಾದರೆ ಉಳಿದವು ತಡ ಮಾಡುವುದಿಲ್ಲ. ಕಣ್ಣು ಮುಚ್ಚಿಕೊಂಡು ನಿದ್ದೆ ಮಾಡು ಎಂದು ಯಾರಿಗೆ ಹೇಳಿ ಬಂದಿದ್ದನೋ ಅವಳ ಮುಖ ನೆನಪಾಗಿ ಅಳು ಬಂತು.

ಆಮೇಲೆ ಸ್ಪ್ಯಾನರ್ ತೆಗೆದುಕೊಂಡು ಗಾಡಿಯ ಕೆಳಗೆ ನುಗ್ಗಿದ. ಪಂಪಿನ ಬೋಲ್ಟುಗಳು ಬಿಚ್ಚಿದವು. ಅದಕ್ಕೆ ಸೇರಿದ ರಬ್ಬರ್ ಪೈಪನ್ನು ಬಿಗಿದ ಲೋಹದ ಪಟ್ಟಿ ತುಕ್ಕು ಹಿಡಿದು ಅಲುಗಲಿಲ್ಲ. ಹಾಳಾಗಿ ಹೋಗಲಿ ಎಂದು ಪೈಪನ್ನು ಇನ್ನೊಂದು ತುದಿಯಿಂದ ಕಿತ್ತು, ಪಂಪಿನ ಸಮೇತ ಹಿಡಿದುಕೊಂಡು ಹೋದ. ಮೈ ಕೈಯೆಲ್ಲ ಡೀಸೆಲ್. ಆ ಹೆಂಗಸಿನ ಅಂಗಡಿಯ ಮೇಜಿನ ಮೇಲೆ ಅದನ್ನು ಇಟ್ಟು, ತಲೆ ತಗ್ಗಿಸಿ ನಿಂತ.

ಅವನು ಮೊದಲು ಕೂಗಾಡಿದ್ದನ್ನು ಅವಳು ಎತ್ತಲಿಲ್ಲ. ಪೈಪನ್ನು ಬಿಡಿಸಿ ಪಂಪನ್ನು ಕೈಗೆ ತೆಗೆದುಕೊಂಡಳು. ಡೀಸೆಲ್ ಒಳಬರುವ ಬಾಯಿಗೆ ಹೆಬ್ಬೆರಳು ಒತ್ತಿ, ಮೇಲಿನ ಗುಂಡಿಯನ್ನು ನಾಲ್ಕು ಸಲ ಅದುಮಿದಳು. ಪಂಪು ಬೆರಳನ್ನು ಹಿಡಿದೆಳೆಯಿತು. ಇದು ಚೆನ್ನಾಗಿಯೇ ಇದೆ, ಇದಕ್ಕೆ ಏನೂ ಆಗಿಲ್ಲ ಎಂದಳು. ಪಂಪು ಕೆಟ್ಟಿದ್ದರೆ ಹೊಸ ಪಂಪು ಹುಡುಕಬಹುದಿತ್ತು. ಕೆಡದಿದ್ದರೆ ರೈತ ಏನು ಹುಡುಕುವುದು?

ಅವಳು ಪೈಪನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು, ಅಂಗುಲ ಅಂಗುಲವಾಗಿ ಬಗ್ಗಿಸುತ್ತಾ ಬಂದಳು. ಪಟ್ಟಿ ಬಿಗಿದ ಜಾಗದ ಹತ್ತಿರ ರಬ್ಬರ್ ಸೀಳಿತ್ತು. ನೇರ ಹಿಡಿದರೆ ಕಾಣುತ್ತಿರಲಿಲ್ಲ. ಬಗ್ಗಿಸಿದಾಗ ಕೂದಲೆಳೆಯಷ್ಟು ಬಾಯಿ ಬಿಡುತ್ತಿತ್ತು. ಡೀಸೆಲಿನ ಬದಲು ಅಲ್ಲಿಂದ ಗಾಳಿ ಎಳೆದುಕೊಂಡು ಗಾಡಿ ನಿಲ್ಲುತ್ತಿತ್ತು. ಅವಳು ಮೊಳದುದ್ದ ಹೊಸ ಪೈಪು ಕತ್ತರಿಸಿದಳು. ಎರಡು ಪಟ್ಟಿ ಕೊಟ್ಟಳು. ಒಳಗೆ ಸೇರಿದ ಗಾಳಿಯನ್ನು ಹೇಗೆ ಬಿಡಬೇಕು ಎಂದು ಎರಡು ಸಲ ಹೇಳಿ, ಅವನ ಬಾಯಿಂದ ಒಂದು ಸಲ ಹೇಳಿಸಿದಳು. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದ. ಅವಳು ಆ ಕಡೆ ತಿರುಗಿದಳು.

ಹೊಸ ಪೈಪು ಹಾಕಿಕೊಂಡು ಹೊರಟ ರೈತ ನಾಲ್ಕು ಗಂಟೆಗೆ ಹತ್ತು ನಿಮಿಷ ಇರುವಾಗ ಮಾರುಕಟ್ಟೆಯ ಬಾಗಿಲು ಹೊಕ್ಕ. ಚೀಲಗಳನ್ನು ತಾನೇ ಹೊತ್ತು ತಂದು ಸುರಿದ. ಆರು ಗೂಡು ತೂತು ಬಿದ್ದಿದ್ದವು. ಉಳಿದದ್ದೆಲ್ಲ ಹರಾಜಾಯಿತು. ಅಂದು ಸಂಜೆ ಅಕ್ಕನಿಗೆ ಫೋನು ಮಾಡಿ, ತಲುಪಿತು ಎಂದಷ್ಟೇ ಹೇಳಿದ.

ಗುರುಗಳು ಕತೆ ನಿಲ್ಲಿಸಿ, ಸುಲಿದ ಕಾಳನ್ನು ಒಂದು ಕಡೆಗೆ ಸರಿಸಿದರು. ರಾಚಪ್ಪನ ಮುಖ ಅರಳಿತ್ತು.

"ತಿಳಿಯಿತು ಬುದ್ಧಿ. ನನಗೆ ಗೊತ್ತಿಲ್ಲ ಎಂದು ಯಾರು ಹೇಳುತ್ತಾರೋ ಅವರೇ ಬಲ್ಲವರು."

ಗುರುಗಳು ನಕ್ಕರು. "ಮೊಬೈಲು ನೋಡುತ್ತಾ ಕೂತ ಇಬ್ಬರೂ ಅದನ್ನೇ ಹೇಳಿದರಲ್ಲ. ಅವರ ಕಾಲಿಗೂ ಬೀಳುತ್ತೀಯಾ?"

ರಾಚಪ್ಪ ಹಟ ಬಿಡದೆ ಕೇಳಿದ: "ಹಾಗಾದರೆ ನಾನು ನೋಡಿ ಬಂದ ನಾಲ್ವರಲ್ಲಿ ಆ ಹೆಂಗಸಿನಂಥವರು ಯಾರೂ ಇರಲಿಲ್ಲ ಎಂದಾಯಿತಲ್ಲವೇ? ಜಪ ಕೊಟ್ಟವರು ನನ್ನನ್ನು ಏನೂ ಕೇಳಲಿಲ್ಲ. ಉಪವಾಸ ಹಿಡಿಸಿದವರು ನಾನು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟರು. ಪುಸ್ತಕ ಕೊಟ್ಟವರು..."

ಗುರುಗಳು ಅವನ ಮುಖವನ್ನು ನೋಡಿ ಮೆಲ್ಲಗೆ ಹೇಳಿದರು: "ಮೂರು ದಿನದಿಂದ ನಾಲ್ಕು ಗುರುಗಳಿಗೆ ಏನಾಗಿದೆ ಎಂದು ಹೇಳುತ್ತಿದ್ದೀಯೆ ರಾಚಪ್ಪ, ನಿನಗೆ ಏನಾಗಿದೆ ಎಂದು ಇನ್ನೂ ಹೇಳಿಲ್ಲ."